ಡೈಲಾಗ್ ಅಲ್ಲದ ಮಾತು

"ಇವರೇ ನಮ್ಮ ಹೀರೋಗೆ ದನಿ ಕೊಡ್ತಿರೋದು," ಎಂದು ನಿರ್ದೇಶಕಿ ಗಾಜಿನ ಕಡೆ ಕೈ ತೋರಿಸಿದರು.

ಅವಳು ತಲೆಯೆತ್ತಿ ನೋಡಿದಳು. ಕೈಯಲ್ಲಿದ್ದ ಹಾಳೆಗಳು ಜಾರಿ ನೆಲದ ತುಂಬ ಹರಡಿದವು.

ಗಾಜಿನ ಆಚೆ, ಮೈಕಿನ ಮುಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದವನು... ಅವಳ ಗಂಡ!

ಈ ಮುಖ ನೋಡಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಸ್ವಲ್ಪ ಇಳಿದುಹೋಗಿದ್ದಾನೆ. ಆ ಬೂದು ಶರ್ಟಿನ ಮೇಲಿನ ಗುಂಡಿ ಕಿತ್ತುಹೋಗಿದ್ದದ್ದು ಇನ್ನೂ ಹಾಗೇ ಇದೆ. ಒಂದು ಗುಂಡಿ ಹೊಲಿದುಕೊಳ್ಳೋಕೂ ಬರಲ್ವಾ ಇವರಿಗೆ? ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಪರಿಚಯ ಇದ್ಯಾ ನಿಮಗೆ?" ನಿರ್ದೇಶಕಿ ಕೇಳಿದರು.

"ಇದೆ... ಸ್ವಲ್ಪ."

ಪಕ್ಕದಲ್ಲಿ ದನಿ ಹಿಡಿಯುವ ಯಂತ್ರದ ಮುಂದೆ ಕೂತಿದ್ದ ಸೌಂಡಣ್ಣ ಜೋರಾಗಿ ಕೆಮ್ಮಿದ. ಇವರಿಬ್ಬರ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಹೋದ ಪುಣ್ಯಾತ್ಮ ಅವನು. ಆದರೂ ಬಾಯಿ ಬಿಡಲಿಲ್ಲ.

ಅವಳು ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡದಲ್ಲಿ ಮಾತು ಬರೆಯುವವಳು. ಮನೆಯಲ್ಲೇ ಕೂತು ಬರೆದು ಕಳಿಸಿಬಿಡುತ್ತಾಳೆ. ಯಾರು ಮಾತಾಡುತ್ತಾರೆ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಇವತ್ತು ಒಂದೇ ಒಂದು ಸಾಲಿಗಾಗಿ ಅವಳನ್ನು ಸ್ಟುಡಿಯೋಗೆ ಕರೆಸಿದ್ದರು.

ಅದೆಂಥ ಸಾಲು ಅಂತೀರಾ? ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಕೇಳುತ್ತಾಳೆ, "ನೀವು ಅವರ ಗಂಡನಾ?" ಪರದೆಯ ಮೇಲಿನ ಗಂಡಸು ತಲೆ ತಗ್ಗಿಸಿ ಹೇಳುತ್ತಾನೆ, "ವಿ ಆರ್ ಸೆಪರೇಟೆಡ್."

ಅಷ್ಟೇ! ಉಳಿದ ಸಿನಿಮಾವನ್ನೆಲ್ಲ ನೀರು ಕುಡಿದಂತೆ ಮುಗಿಸಿದವನು ಈ ಸಾಲಿಗೆ ಬಂದು ನಿಂತುಬಿಟ್ಟಿದ್ದ.

"ನೀವು 'ಬೇರೆಯಾಗಿದ್ದೀವಿ' ಅಂತ ಬರೆದಿದ್ದೀರಲ್ಲ," ನಿರ್ದೇಶಕಿ ಹೇಳಿದರು, "ಅದು ಅವರ ಬಾಯಿಗೆ ಯಾಕೋ..."

"ಹತ್ತುತ್ತಿಲ್ವಾ?" ಅವಳು ಮುಗಿಸಿದಳು.

ಎದುರಿನವರ ಮಾತನ್ನು ತಾನೇ ಮುಗಿಸುವುದು ಅವಳ ಚಾಳಿ. ಇಡೀ ದಿನ ಬೇರೆಯವರ ಬಾಯಿಗೆ ಮಾತು ತುಂಬಿಸುವ ಕೆಲಸ ಮಾಡಿದರೆ ಇನ್ನೇನಾಗುತ್ತದೆ?

ಮನಸ್ಸು ಮಾತ್ರ ಕುದಿಯುತ್ತಿತ್ತು. ನನ್ನ ಸಾಲಿನಲ್ಲೇ ಹುಳುಕು ಹುಡುಕ್ತಾರಾ? ಅದೂ ಈ ಸಾಲಿನಲ್ಲಿ!

ಸೋಮವಾರ ಅವಳು ವಕೀಲರಿಗೆ ಉತ್ತರ ಹೇಳಬೇಕಿತ್ತು. ವಿಚ್ಛೇದನಕ್ಕೆ ಅರ್ಜಿ ಹಾಕುವುದೋ, ಬೇಡವೋ. "ಬಾಯಿ ಬಿಟ್ಟು ಮಾತಾಡದ ಗಂಡನ್ನ ಇಟ್ಕೊಂಡು ಏನ್ ಮಾಡ್ತೀಯೇ?" ಎಂದು ಅಕ್ಕ ದಿನವೂ ಕೇಳುತ್ತಿದ್ದಳು. 

ಎಲ್ಲ ಶುರುವಾದದ್ದು ಅಪ್ಪ ತೀರಿಕೊಂಡ ದಿನ. ಅವಳು ಅಪ್ಪನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಗ ಅವನು ಬಂದು ಕೈ ಹಿಡಿದು ಹೇಳಿದ್ದ, "ಹೋದವರು ಎಲ್ಲಿಗೂ ಹೋಗಲ್ಲ. ನಮ್ಮ ಅಭ್ಯಾಸಗಳಲ್ಲಿ ಉಳ್ಕೋತಾರೆ."

ಎಂಥ ಚಂದದ ಮಾತು! ಆದರೆ ಅದು ಅವಳೇ ಹಿಂದೆ ಒಂದು ಧಾರಾವಾಹಿಗೆ ಬರೆದ ಮಾತು. ಅವನೇ ದನಿ ಕೊಟ್ಟಿದ್ದ. ಅದೇ ಏರಿಳಿತ, ಅದೇ ನಿಟ್ಟುಸಿರು.

ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ನನ್ನಪ್ಪ ಸತ್ತ ದಿನವೂ ಈ ಮನುಷ್ಯನಿಗೆ ಡೈಲಾಗೇ ಬೇಕಾಯ್ತಾ!

"ನಿಮ್ಮದು ಅಂತ ಒಂದು ಮಾತಾದ್ರೂ ಇದ್ಯಾ ನಿಮ್ಮ ಹತ್ರ?" ಎಂದು ಕೇಳಿದ್ದಳು.

ಅವನು ಬಾಯಿ ತೆರೆದ. ಹೆಬ್ಬೆರಳಿನಿಂದ ಅಂಗೈಯನ್ನು ಒತ್ತುತ್ತಾ ನಿಂತ. ಮಾತು ಬರಲಿಲ್ಲ.

"ಸಾಕು ಬಿಡಿ, ಗೊತ್ತಾಯ್ತು," ಎಂದು ಅವಳೇ ಮುಗಿಸಿ ಅಕ್ಕನ ಮನೆಗೆ ಹೊರಟುಬಂದಿದ್ದಳು.

ಆಮೇಲೆ ಅವನ ಮೆಸೇಜ್ ಬಂತು. "ಬರೆದು ಕಳಿಸಬೇಡಿ, ಬರೆಯೋದು ನನ್ನ ಕೆಲಸ. ಬಾಯಿ ಬಿಟ್ಟು ಹೇಳಿ," ಎಂದು ಉತ್ತರ ಕೊಟ್ಟಳು. ಫೋನ್ ಬಂತು. ಎತ್ತಿದರೆ ಆ ಕಡೆ ಬರೀ ಮೌನ. ಮತ್ತೆ ಬಂತು, ಮತ್ತೆ ಮೌನ. ಕೊನೆಗೆ ಫೋನ್ ಬರುವುದೂ ನಿಂತಿತು.

"ಸರಿ, ಬದಲಾಯಿಸೋಣ," ಎಂದಳು ಈಗ, ಕುರ್ಚಿ ಎಳೆದುಕೊಂಡು. "'ದೂರ ಇದ್ದೀವಿ'?"

"ಕೆಲಸದ ಮೇಲೆ ಬೇರೆ ಊರಿಗೆ ಹೋದ ಹಾಗಿರುತ್ತೆ," ನಿರ್ದೇಶಕಿ ತಲೆಯಾಡಿಸಿದರು. "ಅಲ್ಲದೆ ಅವನ ತುಟಿ ನೋಡಿ. 'ಸೆಪರೇಟೆಡ್' ಅನ್ನುವಾಗ ಒಂದು ಸಲ ಮುಚ್ಚುತ್ತೆ. ನಮ್ಮ ಮಾತೂ ಅಲ್ಲೇ ಮುಚ್ಚಬೇಕು."

"'ಅಗಲಿದ್ದೀವಿ'?"

"ಅಯ್ಯೋ, ಶ್ರದ್ಧಾಂಜಲಿ ಫಲಕ ಕಣ್ರೀ ಅದು!" ಸೌಂಡಣ್ಣ ಕೈ ಮುಗಿದ.

"'ಬಿಟ್ಟಿದ್ದೀವಿ'?"

ಗಾಜಿನ ಆಚೆಯಿಂದ, ಸ್ಪೀಕರಿನಲ್ಲಿ, ಮೊದಲ ಬಾರಿ ಅವನ ದನಿ ಬಂತು. "ಯಾರು ಯಾರನ್ನ?"

ಅವಳು ಹಾಳೆಯಿಂದ ತಲೆ ಎತ್ತಲಿಲ್ಲ.

"ಇಂಗ್ಲಿಷಿನವರಿಗೆ ಆ ತಾಪತ್ರಯ ಇಲ್ಲ," ಎಂದಳು. "ಹಾಲಿನಿಂದ ಕೆನೆ ತೆಗೆದರೂ ಅದೇ ಪದ. ಜಗಳ ಆಡ್ತಿರೋರನ್ನ ಬಿಡಿಸಿದರೂ ಅದೇ. ಗುಂಪಿನಲ್ಲಿ ಅಮ್ಮನ ಕೈ ತಪ್ಪಿ ಮಗು ಕಳೆದುಹೋದರೂ ಅದೇ. ಗಂಡ ಹೆಂಡತಿಗೂ ಅದನ್ನೇ ಅಂಟಿಸಿಬಿಡ್ತಾರೆ. ತಪ್ಪು ಯಾರದು ಅಂತ ಹೇಳೋದೇ ಬೇಡ."

ಅವನು ಹೆಡ್‌ಫೋನ್ ಸರಿಮಾಡಿಕೊಂಡ.

"ಮೊದಲು ಬರೆದಿದ್ದೇ ಇರಲಿ," ಅವಳು ಹಾಳೆ ಮಡಚಿದಳು. "'ನಾವು ಬೇರೆಯಾಗಿದ್ದೀವಿ.' ತುಟಿಗೂ ಸರಿಹೋಗುತ್ತೆ. ನಿಜಾನೂ ಹೌದು."

ಪರದೆಯ ಮೇಲೆ ನರ್ಸ್ ಬಂದಳು. ಕೇಳಿದಳು. ಗಂಡಸು ತಲೆ ತಗ್ಗಿಸಿದ.

"ನಾವು ಬ್... ಬ್..."

ಚಿತ್ರ ಮುಂದೆ ಹೋಯಿತು. ಮಾತು ಹಿಂದೆಯೇ ಉಳಿಯಿತು.

ಮತ್ತೆ ಹಾಕಿದರು. "ನಾವು ಬ್... ಬ್... ಬೇ..."

"ಅದ್ಭುತ!" ನಿರ್ದೇಶಕಿ ಕಣ್ಣರಳಿಸಿದರು. "ಏನು ಅಭಿನಯ! ಆದರೆ ಸರ್, ಇಲ್ಲಿ ಅಷ್ಟು ಜಾಗ ಇಲ್ಲ."

ಅವಳೂ ಅದನ್ನೇ ಅಂದುಕೊಂಡಳು. ನನ್ನೆದುರು ನಾಟಕ! ಹೆಂಡತಿ ಬಂದಿದ್ದಾಳೆ, ದುಃಖ ತೋರಿಸಬೇಕಲ್ಲ...

ಆಗ ಅವಳ ಕಣ್ಣು ಅವನ ಕೈ ಮೇಲೆ ಬಿತ್ತು.

ಹೆಬ್ಬೆರಳು ಅಂಗೈಯನ್ನು ಒತ್ತುತ್ತಿತ್ತು.

ಸೌಂಡಣ್ಣನ ಪಕ್ಕದಲ್ಲಿದ್ದ ಇನ್ನೊಂದು ಹೆಡ್‌ಫೋನನ್ನು ಎಳೆದು ಕಿವಿಗೆ ಹಾಕಿಕೊಂಡಳು. ಸ್ಪೀಕರಿನಲ್ಲಿ ಕೇಳದಿದ್ದದ್ದೆಲ್ಲ ಕೇಳಿತು. ಗಂಟಲಲ್ಲಿ ಸಿಕ್ಕಿಬಿದ್ದ ಉಸಿರು. ಅದನ್ನು ಬಿಡಿಸಿಕೊಳ್ಳಲು ಅವನು ಒದ್ದಾಡುತ್ತಿದ್ದ ಸದ್ದು. ಫೋನಿನಲ್ಲಿ ಮೌನವೆಂದು ಅವಳು ತಿಳಿದಿದ್ದದ್ದು ಇದೇ ಸದ್ದು! ಎರಡು ಗಳಿಗೆ ಕಿವಿಗೊಟ್ಟಿದ್ದರೆ ಆಗಲೇ ಕೇಳಿಸುತ್ತಿತ್ತು. ಅವಳು ಕಿವಿಗೊಟ್ಟಿರಲಿಲ್ಲ.

ಇದು ಅಭಿನಯವಲ್ಲ. ಅಭಿನಯ ಮಾಡುವಾಗ ಇವನಿಗೆ ಹೀಗಾಗುವುದೇ ಇಲ್ಲ!

"ಅಣ್ಣ... ಇವರಿಗೆ..."

"ತೊದಲು," ಸೌಂಡಣ್ಣ ತಗ್ಗಿದ ದನಿಯಲ್ಲಿ ಹೇಳಿದ. "ಚಿಕ್ಕಂದಿನಿಂದ. ಬೇರೆಯವರ ಮಾತಾದರೆ ಸಲೀಸು. ಮನಸ್ಸಿನ ಮಾತಿಗೇ ಹೀಗೆ. ಈ ಸಾಲು ಅವನದೇ ಕಥೆ ಆಗಿಬಿಡ್ತಲ್ಲ. ನಿಂಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ದ ಕಣಮ್ಮ."

ಅವಳು ಎದ್ದಳು. "ಅಣ್ಣ, ಮೈಕ್ ಆಫ್ ಮಾಡಿ."

"ಆಯ್ತು. ಮೇಡಂ, ಬನ್ನಿ, ಕಾಫಿ ಕುಡ್ಕೊಂಡು ಬರೋಣ."

"ಈಗ ತಾನೇ ಕುಡಿದ್ವಲ್ಲ?" ಎಂದರು ನಿರ್ದೇಶಕಿ.

"ಅದು ಸರಿಯಾಗಿರಲಿಲ್ಲ ಮೇಡಂ. ಬನ್ನಿ!"

ದಪ್ಪ ಬಾಗಿಲು ತಳ್ಳಿಕೊಂಡು ಅವಳು ಒಳಗೆ ಹೋದಳು. ಹೊರಗಿನ ಸದ್ದೆಲ್ಲ ಕಡಿದುಹೋಯಿತು. ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

"ಯಾಕ್ರೀ ಹೇಳಲಿಲ್ಲ ನಂಗೆ?"

ಅವನ ಹೆಬ್ಬೆರಳು ಮತ್ತೆ ಅಂಗೈಗೆ ಹೋಯಿತು. ಅವಳು ಆ ಕೈಯನ್ನು ಬಿಡಿಸಿ ಹಿಡಿದುಕೊಂಡಳು.

"ನೀ... ನೀನು ಮ್... ಮ್..."

ಮಾತು, ಮದುವೆ, ಮರ್ಯಾದೆ... ಅವಳ ನಾಲಿಗೆಯ ತುದಿಯಲ್ಲಿ ಹತ್ತು ಪದಗಳು ಬಂದು ನಿಂತವು. ಒಂದನ್ನೂ ಆಡಲಿಲ್ಲ. ತುಟಿ ಕಚ್ಚಿ ಕಾದಳು.

"...ಮಾತಿನವಳು," ಎಂದ ಅವನು. ಹಣೆಯಲ್ಲಿ ಬೆವರು. "ಮಾತೇ ಬ... ಬರದವನನ್ನ ಇಷ್ಟಪಡ್ತೀಯಾ ಅಂತ... ಭಯ."

ಅವಳ ಕಣ್ಣು ತುಂಬಿತು.

"ಅಪ್ಪ ಹೋದ ದಿನ... ನನ್ನ ಮಾತು ಒಂದೂ ಹೊ... ಹೊರಡಲಿಲ್ಲ. ನಿನ್ನನ್ನ ಸುಮ್ಮನೆ ನೋಡ್ತಾ ನಿ... ನಿಲ್ಲೋಕೂ ಆಗಲಿಲ್ಲ. ನಂಗೆ ಗೊತ್ತಿದ್ದ ಒ... ಒಳ್ಳೇ ಮಾತೆಲ್ಲ ನೀನು ಬರೆದದ್ದೇ. ಅದನ್ನೇ... ಕೊಟ್ಟೆ."

ಅಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ! ಅವಳು ಅವಸರ ಮಾಡಲಿಲ್ಲ. ಅವನ ಬಾಯಿಂದ ಬಂದ ಒಂದೊಂದು ಮುರುಕು ಅಕ್ಷರವೂ ಅವಳಿಗೆ ಬೇಕಾಗಿತ್ತು. ಇದಕ್ಕಾಗಿ ತಾನೇ ಇಷ್ಟು ದಿನ ಹಸಿದದ್ದು?

"ಒಂದು ದಿನಾನೂ ನಿಮ್ಮ ಮಾತು ಮುಗಿಯೋಕೆ ನಾನು ಬಿಡಲೇ ಇಲ್ಲ," ಅವಳ ದನಿ ಒಡೆಯಿತು. "ನಾನೇ ಕೇಳಿ, ನಾನೇ ಉತ್ತರ ಹೇಳ್ಕೊಂಡು ಎದ್ದು ಹೋದೆ. ಕ್ಷಮಿಸ್ತೀರಾ?"

ಕ್ಷಮೆಯೆಲ್ಲ ಯಾಕೆ ಎಂಬಂತೆ ಅವನು ತಲೆ ಅಲ್ಲಾಡಿಸಿದ. ಏನೋ ಹೇಳಲು ಹೊರಟ. ಅವಳು ಕಾದಳು.

"ನಾನು ನಿನ್ನ ಬ... ಬಿಡಲಿಲ್ಲ. ನೀನೂ ಬಿಡಲಿಲ್ಲ. ಆ ಮಗು ಥರ... ಕ... ಕೈ ತಪ್ಪಿತು. ಅಷ್ಟೇ."

ಅವಳು ಅವನ ಎದೆಗೆ ತಲೆಯಿಟ್ಟು ಅತ್ತಳು. ಗುಂಡಿಯಿಲ್ಲದ ಶರ್ಟು ಒದ್ದೆಯಾಯಿತು. ಅಪ್ಪ ಹೋದ ದಿನ ಅಳಬೇಕಾಗಿದ್ದದ್ದನ್ನೂ ಸೇರಿಸಿ ಅತ್ತಳು.

"ಮ... ಮ... ಮನೆಗೆ ಬಾ," ಎಂದ ಅವನು, ಅವಳ ತಲೆ ಸವರುತ್ತಾ.

"ಬರ್ತೀನಿ. ಗುಂಡಿ ಹೊಲಿಯೋಕೆ ಯಾರಾದ್ರೂ ಬೇಕಲ್ಲ ನಿಮಗೆ."

ಸ್ವಲ್ಪ ಹೊತ್ತಿನ ಮೇಲೆ ನಿರ್ದೇಶಕಿ ಒಳಗೆ ಬಂದಾಗ ಅವನು ಮೈಕಿನ ಮುಂದೆ ನಿಂತಿದ್ದ. ಅವಳು ಗಾಜಿನ ಈಚೆ, ಹೆಡ್‌ಫೋನ್ ಹಾಕಿಕೊಂಡು, ಕೆಂಪು ಕಣ್ಣುಗಳೊಂದಿಗೆ ಕೂತಿದ್ದಳು. ಪರದೆಯ ಮೇಲೆ ನರ್ಸ್ ಮತ್ತೆ ಕೇಳಿದಳು.

"ನಾವು ಬೇರೆಯಾಗಿದ್ದೀವಿ."

ಒಂದೇ ಉಸಿರಿನಲ್ಲಿ, ಪರದೆಯವನ ತುಟಿಗೆ ಸರಿಯಾಗಿ ಹೊಂದುವಂತೆ!

"ಓಕೆ!" ನಿರ್ದೇಶಕಿ ಚಪ್ಪಾಳೆ ತಟ್ಟಿದರು. "ಹೇಗೆ ಬಂತು ಸರ್ ಈಗ?"

ಸೌಂಡಣ್ಣ ನಗು ತಡೆದುಕೊಂಡು, ಅವನ ಜೊತೆ ಮಾತಾಡುವ ಗುಂಡಿಯನ್ನು ಅವಳ ಕಡೆ ಸರಿಸಿದ. ಅವಳು ಒತ್ತಿದಳು.

"ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ರೀ ನಿಮಗೆ!"

ಗಾಜಿನ ಆಚೆ ಅವನು ನಕ್ಕ.

"ನ... ನ... ನಿಜ ಹೇಳೋಕೆ ಸ್ವಲ್ಪ ಹೊತ್ತು ಬೇಕು."

"ಹೇಳಿ," ಎಂದಳು ಅವಳು. "ನಾನು ಎಲ್ಲಿಗೂ ಹೋಗಲ್ಲ."