ಕಿಟಕಿಯಲ್ಲೇ ನಿಂತ ಹುಳದ ಓಲೆ

ಎಷ್ಟೋ ತಲೆಮಾರುಗಳ ಹಿಂದೆ ಗರಿಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಓಲೆ ಒಯ್ಯುತ್ತಿದ್ದುದು ಮನುಷ್ಯರಲ್ಲ, ಮಾತಾಡುವ ಗೊರವಂಕ ಹಕ್ಕಿಗಳು. ಓಲೆಮನೆಯ ಕಿಟಕಿಗೆ ಬಂದು, ಇಂಥವರಿಂದ ಇಂಥವರಿಗೆ ಎಂದು ಹೇಳಿ, ಓಲೆ ಇಳಿಸಿ ಹಾರಿಹೋಗುತ್ತಿದ್ದವು.

ಆ ರಾಜ್ಯದ ಕಳ್ಳಿಗುಡ್ಡದ ಗವಿಗೆ ಹುತ್ತಯ್ಯ ಅನ್ನುವ ಮಾಂತ್ರಿಕ ಬಂದು ಸೇರಿಕೊಂಡ. ಓಲೆಯ ಸುರುಳಿಯೊಳಗೆ ಮಾಟದ ಹುಳ ಇಡುವುದು ಅವನ ಕಸುಬು. ಬಿಚ್ಚಿದವರ ಕಿವಿಗೆ ಹುಳ ಹೊಕ್ಕಿತೆಂದರೆ ಮುಗಿಯಿತು. ಉಣ್ಣದೆ, ಮಲಗದೆ, ಗುರುತಿನವರಿಗೆಲ್ಲ ಓಲೆ ಬರೆಯುತ್ತ ಕೂರುವರು. ಒಂದೊಂದು ಓಲೆಯಲ್ಲೂ ಒಂದೊಂದು ಮರಿಹುಳ. ತನ್ನ ಹೆಸರು ಹಾಕುವಷ್ಟು ದಡ್ಡನೇ ಅವನು? ಊರವರ ಹೆಸರನ್ನೇ ಹಕ್ಕಿಗೆ ಕಲಿಸಿ ಕಳಿಸುತ್ತಿದ್ದ.

ಓಲೆಮನೆಯ ಪಾರುಪತ್ಯಗಾರ ಮುದ್ದುವೀರಯ್ಯ. ಮೀಸೆ ದೊಡ್ಡದು, ಅದರ ಮೇಲಿದ್ದ ತಲೆ ಖಾಲಿ. ಅವನ ಪದ್ಧತಿ ಹೇಗಂತೀರಿ? ಮೊದಲು ಓಲೆ ಇಳಿಸಿಕೊಳ್ಳುವುದು. ಹಕ್ಕಿ ಹಾರಿಹೋದ ಮೇಲೆ ಲೋಬಾನದ ಹೊಗೆ ಹಿಡಿಯುವುದು. ಓಲೆ ನಡುಗಿದರೆ ಹುಳ ಇದೆಯೆಂದು ತಿಳಿದು, ಹೆಸರು ಯಾರದೋ ಅವರ ಮನೆಗೆ ಡಂಗುರ ಹೊಡೆಸುತ್ತ ವಾಪಸು ಕಳಿಸುವುದು. ಹುಳವನ್ನು ಒಳಗೇ ಬಿಟ್ಟು.

ಮೊದಲ ಡಂಗುರ ಅರ್ಚಕರ ಹೆಂಡತಿ ಭಾಗೀರಥಮ್ಮನ ಬಾಗಿಲಲ್ಲಿ. ನಾದಿನಿಗೆ ಹುಳ ಕಳಿಸಿದಳಂತೆ ಎಂದು ಬಾವಿಕಟ್ಟೆಯಲ್ಲೆಲ್ಲ ಗುಸುಗುಸು. ಇಬ್ಬರಿಗೂ ಮಾತಿರಲಿಲ್ಲ, ಅದು ನಿಜವೇ. ಆದರೆ ವಾಪಸು ಬಂದ ಓಲೆ ಬಿಚ್ಚಿದ ಆ ಹೆಂಗಸೇ ಹುಳಕ್ಕೆ ಸಿಕ್ಕಿ, ಬರೆದದ್ದೇ ಬರೆದದ್ದು. ಎರಡನೇ ಡಂಗುರ ದಳವಾಯಿಯ ಬಾಗಿಲಲ್ಲಿ. ದಳವಾಯಿ ಸತ್ತು ಮೂರು ತಿಂಗಳಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವನ ಹೆಂಡತಿ ಡಂಗುರದವನಿಗೆ ನೀರು ಕೊಟ್ಟು ಕಳಿಸಿದಳು. ರಾಜನಿಗೆ ಮುಖಭಂಗವಾಯಿತು. ಇನ್ನು ಯಾರ ಹೆಸರು ಬಂದರೂ ಗಡೀಪಾರು ಎಂದುಬಿಟ್ಟ.

ಮೂರನೇ ಹೆಸರು ದೇವೀರಿಯದು. ಓಲೆಮನೆಯ ಹಕ್ಕಿಗಳಿಗೆ ಕಾಳು ಹಾಕುವ ಹುಡುಗಿ, ಮುಂದಿನ ವಾರ ಮದುವೆ. ಅವಳಿಗೆ ಓದು ಬರಹ ಬಾರದು. ಊರ ಬಾಯಿ ಸುಮ್ಮನಿರುತ್ತದೆಯೇ? ಹಾಗಾದರೆ ಬರೆದುಕೊಟ್ಟವನು ಯಾರು, ಅವನಿಗೂ ಇವಳಿಗೂ ಏನು ಅಂತ ಹೊಸ ಕತೆ ಹುಟ್ಟಿತು. ಗಂಡಿನ ಕಡೆಯವರು ತಾಂಬೂಲ ಹಿಂದಿರುಗಿಸುವ ಮಾತೆತ್ತಿದರು.

ದೇವೀರಿ ಅಳುತ್ತ ಕೂರಲಿಲ್ಲ. ರಾಜನ ಕಾಲು ಹಿಡಿದು ಮೂರು ದಿನದ ಗಡುವು ಬೇಡಿದಳು. ಲೋಬಾನದ ಹೊಗೆಯನ್ನು ಕಿಟಕಿಯ ಹೊರಗಿಟ್ಟಳು. ಓಲೆ ಹಕ್ಕಿಯ ಕಾಲಲ್ಲಿರುವಾಗಲೇ ನಡುಗಿದರೆ ಅದನ್ನು ಮುಟ್ಟದೆ, ಹಕ್ಕಿಯನ್ನು ಅಲ್ಲೇ ನಿಲ್ಲಿಸಿಕೊಂಡಳು.

ಮೊದಲ ದಿನ, ಕಳಿಸಿದವರು ಯಾರೆಂದು ಕೇಳಿದಳು. ದೇವೀರಿ ಎಂದಿತು ಹಕ್ಕಿ, ದೇವೀರಿಯ ಮುಖ ನೋಡಿಕೊಂಡೇ. ಎರಡನೇ ದಿನ, ಆ ಹೆಸರು ಕಲಿಸಿದವರು ಯಾರೆಂದು ಕೇಳಿದಳು. ಹಕ್ಕಿ ಕೊಕ್ಕು ಬಿಚ್ಚಲಿಲ್ಲ, ಮಾಂತ್ರಿಕ ಬಾಯಿ ಕಟ್ಟಿದ್ದ. ಮೂರನೇ ದಿನ ಮುದ್ದುವೀರಯ್ಯ ಗಡೀಪಾರಿನ ಗಾಡಿ ಹೂಡಿಸಿ, ಕಿಟಕಿಗೇ ಬಂದಿದ್ದ ರಾಜನ ಪಕ್ಕದಲ್ಲಿ ಮೀಸೆ ತೀಡುತ್ತ ನಿಂತಿದ್ದ. ದೇವೀರಿಗೆ ಆಗ ತನ್ನ ದಿನದ ಕೆಲಸವೇ ನೆನಪಾಯಿತು.

"ಬೆಳಿಗ್ಗೆ ಕಾಳು ಎಲ್ಲಿ ತಿಂದೆಯವ್ವಾ?"

"ಕಳ್ಳಿಗುಡ್ಡದ ಗವಿಯಲ್ಲಿ. ಬರೀ ಮುಗ್ಗಲು ನವಣೆ," ಎಂದಿತು ಹಕ್ಕಿ, ಮುನಿಸಿಕೊಂಡು.

ಹೊಟ್ಟೆಯ ಮಾತಿಗೂ ಮಂತ್ರ ಹಾಕಬೇಕೆಂದು ಆ ಜುಗ್ಗನಿಗೆ ಹೊಳೆದಿರಲಿಲ್ಲ. ರಾಜ ಎಲ್ಲವನ್ನೂ ಕೇಳಿಸಿಕೊಂಡ.

"ಈ ಓಲೆ ನಾವು ಇಳಿಸಿಕೊಳ್ಳುವುದಿಲ್ಲ," ಎಂದಳು ದೇವೀರಿ. "ಕಾಳು ಹಾಕಿದವರಿಗೇ ಕೊಟ್ಟುಬಿಡು."

ಇಳಿಸಿಕೊಳ್ಳದ ಓಲೆಯನ್ನು, ಹೊರಡುವಾಗ ಕಾಳು ಹಾಕಿದ ಕೈಗೆ ಮುಟ್ಟಿಸುವುದು ಗೊರವಂಕಗಳ ಕಟ್ಟಳೆ. ಅಂದು ಗವಿಯಿಂದ ಹುಳದ ಓಲೆ ತಂದ ನಲವತ್ತು ಹಕ್ಕಿಗಳೂ ಹಾಗೇ ತಿರುಗಿ ಹಾರಿದವು. ಏನು ತಪ್ಪಿತೆಂದು ನೋಡಲು ಸುರುಳಿ ಬಿಚ್ಚಿದ್ದೇ ತಡ, ನಲವತ್ತು ಹುಳವೂ ಹುತ್ತಯ್ಯನ ಕಿವಿ ಹೊಕ್ಕವು. ಅವನಿಗೆ ಗುರುತಿನವರಾದರೂ ಯಾರಿದ್ದರು? ತನಗೆ ತಾನೇ ಓಲೆ ಬರೆಯುತ್ತ ಕುಳಿತ. ಇತ್ತ ದೇವೀರಿ ಕಳ್ಳಿಗುಡ್ಡದ ಒಡೆಯ ಮುದಿ ಪಾಳೆಗಾರನಿಗೆ ಸುದ್ದಿ ಮುಟ್ಟಿಸಿದಳು. ಪಾಪ, ಸನ್ಯಾಸಿಯೆಂದು ನಂಬಿ ಗವಿ ಬಿಟ್ಟುಕೊಟ್ಟಿದ್ದನಂತೆ. ಅವನು ಆಳುಗಳೊಂದಿಗೆ ಹೋಗಿ ಗವಿಯಲ್ಲಿದ್ದ ಓಲೆಗರಿಗೆಲ್ಲ ಬೆಂಕಿ ಇಟ್ಟ. ಹುತ್ತಯ್ಯ ಹೊಗೆಯಾಗಿ ಹೋದ. ರಾಜ್ಯದವರ ಕಿವಿಗಳಿಂದ ಹುಳಗಳು ಉದುರಿದವು. ಭಾಗೀರಥಮ್ಮ ಓಲೆ ಬರೆಯುವ ಕಂಟ ಕೆಳಗಿಟ್ಟು ಎರಡು ದಿನ ಗೊರಕೆ ಹೊಡೆದಳು.

ಕೊನೆಯ ಡಂಗುರವನ್ನು ಮುದ್ದುವೀರಯ್ಯನೇ ಹೊಡೆಯಬೇಕಾಯಿತು, ಆ ಮೂರೂ ಬಾಗಿಲಲ್ಲಿ, ತಪ್ಪು ನಮ್ಮದು ಎಂದು. ಅಂದಿನಿಂದ, ಇನ್ಯಾವ ಮಾಂತ್ರಿಕ ಕಳಿಸಿದರೂ, ಹುಳದ ಓಲೆ ಕಿಟಕಿ ದಾಟಲಿಲ್ಲ. ಯಾರಿಗೆ ಬಂದಿತ್ತೋ ಅವರಿಗೊಂದು ಚೀಟಿ ಹೋಗುತ್ತಿತ್ತು, ಇಂಥದ್ದು ಬಂದಿತ್ತು, ಇಳಿಸಿಕೊಳ್ಳಲಿಲ್ಲ ಎಂದು, ಅಷ್ಟೆ.

ದೇವೀರಿಯ ಮದುವೆ ಗೊತ್ತಾದ ದಿನವೇ ನಡೆಯಿತು. ಎಲ್ಲರೂ ನೆಮ್ಮದಿಯಾಗಿ ಉಂಡರು, ನೆಮ್ಮದಿಯಾಗಿ ಬಾಳಿದರು. ಆಡಿಕೊಳ್ಳಲು ಬಾವಿಕಟ್ಟೆಯವರಿಗೂ ಮೋಸವಾಗಲಿಲ್ಲ: ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು.