ಮೂಲೆಮನೆಯ ಹವಾಲ್ದಾರಮ್ಮ

ಮಾರ್ಚ್ ಹನ್ನೊಂದರ ಬೆಳಗ್ಗೆ ಠಾಣೆಯಲ್ಲಿ ಕಸ ಗುಡಿಸಿ ಮುಗಿಯುವ ಮೊದಲೇ ಟೈಲರಕ್ಕ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

"ಕಳ್ಳತನ ಆಗಿದೆ ಮೇಡಂ. ಮಿಲಿಟರಿಯೋರ ಅಂಗಿಗಳು. ಗಂಟಿಗೆ ಗಂಟೇ ಹೋಗಿದೆ."

ಇನ್ಸ್‌ಪೆಕ್ಟರ್ ಅವಳನ್ನು ಒಳಗೆ ಕರೆದು ಕುರ್ಚಿ ತೋರಿಸಿದಳು. ಟೈಲರಕ್ಕನ ಅಂಗಡಿ ಸೈನ್ಯದ ಕ್ಯಾಂಪಿನ ಗೇಟಿಗೆ ಎದುರಾಗಿತ್ತು. ಕ್ಯಾಂಪಿನ ಸಮವಸ್ತ್ರವನ್ನೆಲ್ಲ ಹೊಲಿಯುವುದು, ತೋಳಿಗೆ ದರ್ಜೆಯ ಪಟ್ಟಿ ಕೂರಿಸುವುದು ಅವಳೇ. ನಾಡಿದ್ದು ಕ್ಯಾಂಪಿನಲ್ಲಿ ದೊಡ್ಡ ಪರೇಡು. ಹೆಂಡತಿ ಮಕ್ಕಳೆಲ್ಲ ಬಂದು ನೋಡುವಂಥದ್ದು. ಅದಕ್ಕೆಂದು ಸಿದ್ಧಪಡಿಸಿಟ್ಟ ಅಂಗಿಗಳು ನಿನ್ನೆ ಮಧ್ಯಾಹ್ನ ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಾಯವಾಗಿದ್ದವು. ಸಂಜೆ ರವಿಕೆಗಳ ಕೆಲಸದಲ್ಲಿ ಮುಳುಗಿದ್ದವಳು ಕಪಾಟಿನ ಕಡೆ ತಿರುಗಿ ನೋಡಿದ್ದು ಇವತ್ತು ಬೆಳಗ್ಗೆಯೇ. ರಾತ್ರಿ ಕೀ ಅವಳ ಬಳಿಯೇ ಇತ್ತು, ಅಂಗಡಿ ಅವಳ ಕಣ್ತಪ್ಪಿದ್ದು ಊಟದ ಹೊತ್ತಿನಲ್ಲಿ ಮಾತ್ರ.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ ಮೇಡಂ."

ಉತ್ತರ ಸ್ವಲ್ಪ ಬೇಗ ಬಂತು ಎನ್ನಿಸಿತು ಇನ್ಸ್‌ಪೆಕ್ಟರ್‌ಗೆ.

ಠಾಣೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುವ ಪೇದೆ ಎಫ್‌ಐಆರ್ ಬರೆದುಕೊಂಡ. ಬಾಯಿಗೆ ಬಿಡುವು ಕೊಡದ ಮನುಷ್ಯ. ಬರೆಯುವಾಗಲೂ ತಾನು ಬರೆಯುತ್ತಿದ್ದುದನ್ನು ಜೋರಾಗಿ ಓದುತ್ತಲೇ ಇದ್ದ. ಅವನು ಮುಗಿಸುವುದರೊಳಗೆ ಕ್ಯಾಂಪಿನಿಂದ ಫೋನ್ ಬಂತು; ಟೈಲರಕ್ಕ ಬರುವಾಗ ಅಲ್ಲಿನ ಗೇಟಿನಲ್ಲೂ ಹೇಳಿ ಬಂದಿದ್ದಳು.

"ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಕೊಡಿ."

"ನಾನೇ ಮಾತಾಡ್ತಿರೋದು."

"ಓ, ಮೇಡಮ್ಮಾ?" ಎಂದಿತು ಆ ಕಡೆಯ ಗಂಡುದನಿ. ಇದು ಅವಳಿಗೆ ಹೊಸದಲ್ಲ. ಆಮೇಲೆ ಮಾತು ಗಡುಸಾಗಿಯೇ ಬಂತು. ಸಮವಸ್ತ್ರ ಯಾರ ಕೈಸೇರಿತೋ ಗೊತ್ತಿಲ್ಲ. ಅದನ್ನು ತೊಟ್ಟು ಯಾರು ಬೇಕಾದರೂ ಗೇಟಿನೊಳಗೆ ಬರಬಹುದು. ಪರೇಡಿನ ಹೊತ್ತಿಗೆ ಸಿಗದಿದ್ದರೆ ಟೈಲರಿನ ಪರವಾನಗಿ ರದ್ದು, ಅಷ್ಟೇ ಅಲ್ಲ, ಅವಳೇ ಮಾರಿಕೊಂಡಿದ್ದಾಳೆಂದು ಅವಳ ಮೇಲೆಯೇ ದೂರು ಕೊಡುತ್ತೇವೆ.

ಫೋನಿನ ಮಾತು ಟೈಲರಕ್ಕನಿಗೂ ಕೇಳಿಸಿರಬೇಕು. ಅವಳು ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

*

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಅಂಗಡಿಯ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೊಲಿಗೆ ಯಂತ್ರ, ಹಿತ್ತಾಳೆ ಗುಂಡಿಯ ಕೋಟು, ಡ್ರಾಯರಿನಲ್ಲಿದ್ದ ದುಡ್ಡು ಎಲ್ಲ ಇದ್ದಲ್ಲೇ ಇದ್ದವು. ಖಾಲಿ ಕಪಾಟಿನ ಅಂಚಿನಲ್ಲಿ ಬೆಳ್ಳಗೆ ನಾಲ್ಕು ಬೆರಳಿನ ಗುರುತಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ಮೂಸಿದಳು.

"ಗೋಧಿ ಹಿಟ್ಟು," ಎಂದಳು.

"ಊಟಕ್ಕೆ ಹೋಗುವಾಗ ಕೀ ಪಕ್ಕದ ಗಿರಣೀಲಿ ಬಿಟ್ಟು ಹೋಗ್ತೀನಿ ಮೇಡಂ," ಟೈಲರಕ್ಕ ತಲೆ ತಗ್ಗಿಸಿದಳು. "ಮೊಳೆಗೆ ನೇತುಹಾಕಿರ್ತಾರೆ. ಯಾರಿಗಾದ್ರೂ ಅರ್ಜೆಂಟ್ ರವಿಕೆ ಬೇಕಾದ್ರೆ ಅವರೇ ತೆಕ್ಕೊಂಡು ಹೋಗ್ತಾರೆ. ಇಷ್ಟು ವರ್ಷದಲ್ಲಿ ಒಂದು ಸೂಜಿ ಕಳೆದಿರಲಿಲ್ಲ."

"ಕೀ ಎಲ್ಲಿರುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು?"

"ಕ್ಯಾಂಪಿನ ಕ್ವಾರ್ಟರ್ಸ್ ಹೆಂಗಸರಿಗೆಲ್ಲ ಗೊತ್ತು."

ಗಿರಣಿಯವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದ.

"ನಿನ್ನೆ ಮಧ್ಯಾಹ್ನ ಯಾರು ಬಂದಿದ್ರು?"

"ಹವಾಲ್ದಾರಮ್ಮ ಬಂದಿದ್ರು."

"ಯಾವ ಹವಾಲ್ದಾರಮ್ಮ?"

"ಅದನ್ನ ಹೇಗೆ ಹೇಳ್ಲಿ ಮೇಡಂ? ಈ ಕ್ವಾರ್ಟರ್ಸಲ್ಲಿ ಕಲ್ಲು ಎಸೆದ್ರೆ ಒಬ್ಬ ಹವಾಲ್ದಾರಮ್ಮನಿಗೆ ಬೀಳುತ್ತೆ. ಮಷೀನಿನ ಸದ್ದು ಬೇರೆ. ಎರಡನೇ ಸಾಲಿನ ಹವಾಲ್ದಾರಮ್ಮ ಒಬ್ರು. ಮೂಲೆಮನೆ ಹವಾಲ್ದಾರಮ್ಮ ಒಬ್ರು. ಸುಬೇದಾರಮ್ಮ ಬಂದು, ಸಾಲಲ್ಲಿ ನಿಲ್ಲೋಕಾಗಲ್ಲ ಅಂತ ರೇಗಿ ವಾಪಸ್ ಹೋದ್ರು."

"ಅವರ ಹೆಸರು ಗೊತ್ತಿಲ್ವಾ?"

ಗಿರಣಿಯವನು ನಕ್ಕುಬಿಟ್ಟ. "ಹೆಂಗಸರ ಹೆಸರು ಹಿಡಿದು ಕೂಗೋಕೆ ನಂಗೇನು ಹುಚ್ಚೇ? ಲ್ಯಾನ್ಸ್ ನಾಯಕ್ ಮನೆಯೋರನ್ನ ಒಂದ್ಸಲ ಬಾಯಿತಪ್ಪಿ ಸಿಪಾಯಮ್ಮ ಅಂದಿದ್ದಕ್ಕೆ ಒಂದು ತಿಂಗಳು ಹಿಟ್ಟಿಗೆ ಬೇರೆ ಕಡೆ ಹೋದ್ರು!"

ಗಂಡನಿಗೆ ಬಡ್ತಿ ಬಂದರೆ ಹೆಂಡತಿಗೂ ಬಂತು. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ಸ್ವಂತ ಹೆಗಲ ಮೇಲೆ ನಕ್ಷತ್ರ ಹೊತ್ತು ತಿರುಗುವ ತಾನೂ ಗಂಡನ ಕಡೆಯ ಮದುವೆಗಳಲ್ಲಿ "ನಮ್ಮ ಮೇಷ್ಟ್ರ ಹೆಂಡ್ತಿ"ಯಾಗಿಬಿಡುತ್ತಿದ್ದಳಲ್ಲ. ಅತ್ತೆ ಇವತ್ತಿಗೂ ನೆಂಟರ ಮುಂದೆ ಹೇಳುವುದು "ಎಂಥದೋ ಆಫೀಸಲ್ಲಿ ಕೆಲಸ" ಎಂದೇ.

ಮತ್ತೆ ಅಂಗಡಿಗೆ ಬಂದು ಟೈಲರಕ್ಕನನ್ನು ಕೂರಿಸಿದಳು.

"ಗಂಟಿನಲ್ಲಿ ಯಾರ್ಯಾರ ಅಂಗಿ ಇತ್ತು? ನೆನಪು ಮಾಡಿ ಹೇಳು."

"ಸುಬೇದಾರ್ ಸಾಹೇಬ್ರದ್ದು. ಎರಡನೇ ಸಾಲಿನ ಹವಾಲ್ದಾರ್‌ದು. ಬಾವಿ ಪಕ್ಕದ ಲ್ಯಾನ್ಸ್ ನಾಯಕ್‌ದು, ಅವರಿಗೆ ಕಾಲರ್ ಬದಲಾಯಿಸಿದ್ದೆ. ಮೂಲೆಮನೆಯೋರದ್ದು. ಅಡುಗೆಮನೆ ನೋಡ್ಕೊಳ್ಳೋ ಹವಾಲ್ದಾರ್‌ದು..."

"ಮೂಲೆಮನೆಯೋರು ಯಾರು?"

"ಮೂಲೆಮನೆಯೋರು."

"ಅವರಿಗೆ ರ‍್ಯಾಂಕ್ ಇಲ್ವಾ?"

ಟೈಲರಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು. "ಅಳತೆ ಗೊತ್ತಿದ್ರೆ ಸಾಕು ಮೇಡಂ, ಹೊಲಿಯೋಳಿಗೆ."

"ಮಿಕ್ಕೋರದ್ದೆಲ್ಲ ಹೇಳಿದೆಯಲ್ಲ."

ಅವಳು ಚಕ್ರ ತಿರುಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು.

ಹೊರಗೆ ಬಂದ ಮೇಲೆ ರೇಡಿಯೋ ಪಿಸುಗುಟ್ಟಿದ, "ಇವಳೇ ಮೇಡಂ. ಬರೆದಿಟ್ಕೊಳ್ಳಿ. ಆ ಮೂಲೆಮನೆಯೋನಿಗೂ ಇವಳಿಗೂ ಏನೋ ಇದೆ. ಇಬ್ಬರೂ ಸೇರಿ ಮಾರಿದಾರೆ."

"ನಿನ್ನ ಸ್ಟೇಷನ್ನು ಸ್ವಲ್ಪ ಹೊತ್ತು ಬಂದ್ ಮಾಡಪ್ಪ," ಎಂದಳು. ಆದರೆ ಅವಳ ಮನಸ್ಸಿನಲ್ಲೂ ಅದೇ ಕೊರೆಯುತ್ತಿತ್ತು. ಪರವಾನಗಿ ಹೋದರೂ ಪರವಾಗಿಲ್ಲ ಎಂಬಂತೆ ಈ ಹೆಂಗಸು ಯಾರನ್ನು ಬಚ್ಚಿಡುತ್ತಿದ್ದಾಳೆ?

*

ಕ್ಯಾಂಪಿನ ಗೇಟಿನಲ್ಲಿ ಪಹರೆಯ ಮುಖ್ಯಸ್ಥ, ಮೀಸೆ ನರೆತ ಮನುಷ್ಯ, ಎದ್ದು ನಿಂತ.

"ನಮಸ್ಕಾರ ಸರ್," ಎಂದ ರೇಡಿಯೋ.

"ಸರ್ ಅಲ್ಲ. ಹವಾಲ್ದಾರ್."

"ಅದೇ ಸರ್, ಗೌರವಕ್ಕೆ..."

"ಗೌರವಕ್ಕೇ ಹೇಳ್ತಿರೋದು." ಅವನು ತೋಳು ತಿರುಗಿಸಿ ಮೂರು ಪಟ್ಟಿ ತೋರಿಸಿದ. "ಸರ್ ಅನ್ನೋದು ಆಫೀಸರ್‌ಗಳಿಗೆ. ನಾನು ಸಿಪಾಯಿಯಾಗಿ ಸೇರಿದೋನು. ಒಂದು ಪಟ್ಟಿ ಬಂದಾಗ ಲ್ಯಾನ್ಸ್ ನಾಯಕ್ ಅಂದ್ರು, ಎರಡಕ್ಕೆ ನಾಯಕ್, ಮೂರಕ್ಕೆ ಹವಾಲ್ದಾರ್. ಬೆವರು ಸುರಿಸಿ ತಗೊಂಡಿದ್ದನ್ನ ಬಿಟ್ಟು ಬೇರೆ ಯಾಕೆ ಕರೀತೀರಿ?"

ರೇಡಿಯೋ ಬಾಯಿಗೆ ಮೊದಲ ಸಲ ಬೀಗ ಬಿತ್ತು.

ಇನ್ಸ್‌ಪೆಕ್ಟರ್ ಅಂಗಿಗಳ ಮಾಲೀಕರನ್ನು ಒಬ್ಬೊಬ್ಬರಾಗಿ ಹೇಳುತ್ತ ಹೋದಳು. ಆತ ಪ್ರತಿಯೊಬ್ಬರ ದರ್ಜೆ, ಕೆಲಸ ಹೇಳಿದ. ಯಾರ ಮೇಲೂ ದೂರಿಲ್ಲ.

"ಮೂಲೆಮನೆಯವರು?"

"ನಾಯಕ್. ವಾಹನಗಳ ವರ್ಕ್‌ಶಾಪಲ್ಲಿದ್ದಾನೆ. ಒಳ್ಳೇ ಮೆಕ್ಯಾನಿಕ್."

ಇನ್ಸ್‌ಪೆಕ್ಟರ್ ತಲೆಯೆತ್ತಿದಳು. ಗಿರಣಿಯವನ ಲೆಕ್ಕದಲ್ಲಿ ಆ ಮನೆಯಾಕೆ ಹವಾಲ್ದಾರಮ್ಮ. ತಪ್ಪು ಕರೆದರೆ ತಿಂಗಳುಗಟ್ಟಲೆ ಮುನಿಸಿಕೊಳ್ಳುವ ಹೆಂಗಸರ ನಡುವೆ ಅವನು ತಪ್ಪು ಕರೆಯುವುದು ಸಾಧ್ಯವಿಲ್ಲ.

"ಮೊದಲಿಂದಲೂ ನಾಯಕ್ಕಾ?"

ಹವಾಲ್ದಾರ್ ಅವಳನ್ನೇ ನೋಡಿದ. ಆಮೇಲೆ ಗೇಟಿನಾಚೆ ದೃಷ್ಟಿ ಹೊರಳಿಸಿದ.

"ಪಟ್ಟಿ ಹೋದವನ ವಿಷಯ ನಾವು ಆಡಲ್ಲ ಮೇಡಂ. ಮನೇಲೂ ಹೇಳಲ್ಲ. ಇವತ್ತು ಏನಿದ್ದಾನೋ ಹಾಗೆ ಕರೀತೀವಿ. ಹಳೇದರಿಂದ ಕರೆದ್ರೆ ಅಣಕಿಸಿದ ಹಾಗಾಗುತ್ತೆ."

"ವರ್ಕ್‌ಶಾಪಲ್ಲಿ ಏನು ಹಾಕ್ಕೊಳ್ತಾರೆ?"

"ಎಣ್ಣೆಮಸಿಯ ನೀಲಿ ಬಟ್ಟೆ. ಅದಕ್ಕೆ ಪಟ್ಟಿ ಇರಲ್ಲ."

ಹಾಗಾದರೆ ತೋಳು ಜನರ ಕಣ್ಣಿಗೆ ಬೀಳುವುದು ನಾಡಿದ್ದು, ಪರೇಡಿನಲ್ಲಿ. ಇನ್ಸ್‌ಪೆಕ್ಟರ್ ಜೀಪಿನ ಕಡೆ ನಡೆದಳು. ಮಹಿಳಾ ಪೇದೆಗೆ ಫೋನ್ ಮಾಡಿ ಕ್ವಾರ್ಟರ್ಸಿಗೆ ಬರಹೇಳಿದಳು.

*

ಮೂಲೆಮನೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕೂತು ಕಾಳು ಆರಿಸುತ್ತಿದ್ದರು. ಪೊಲೀಸರನ್ನು ಕಂಡು ಎದ್ದರೂ ಹೋಗಲಿಲ್ಲ.

"ಹವಾಲ್ದಾರಮ್ಮಾ, ನಿಮ್ಮನೆಗೆ ಪೊಲೀಸ್ನೋರು!" ಒಬ್ಬಳು ಒಳಗೆ ಕೂಗಿದಳು.

ಬಾಗಿಲಿಗೆ ಬಂದವಳಿಗೆ ಮೂವತ್ತು ದಾಟಿರಲಿಲ್ಲ. ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಇನ್ಸ್‌ಪೆಕ್ಟರ್ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿನ್ನೆ ಗಿರಣಿಗೆ ಹೋಗಿದ್ರಾ?"

"ಹೋಗಿದ್ದೆ."

"ಹಿಟ್ಟು ಮಾಡಿಸಿದ್ರಾ?"

"ಹೂಂ."

"ತೋರಿಸಿ."

ಅವಳು ಅಲ್ಲೇ ನಿಂತಳು; ಮಹಿಳಾ ಪೇದೆ ಒಳಗೆ ಹೋಗಿ ಹುಡುಕಿದಳು. ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ತಗಡಿನ ಡಬ್ಬವಿತ್ತು. ಮೇಲೆ ಒಂದು ಗೇಣು ಹಿಟ್ಟು, ಅದರ ಕೆಳಗೆ ಬಿಳಿ ಬಟ್ಟೆಯ ಗಂಟು. ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆಯಬೇಕು ಎಂದಾಗ ಅವಳು ಮೊದಲ ಸಲ ಬಾಯಿಬಿಟ್ಟು ಬೇಡಿದಳು.

"ಇಲ್ಲಿಯೋರು ಬೇಡ ಮೇಡಂ. ದಮ್ಮಯ್ಯ. ಬೇರೆ ಯಾರನ್ನಾದ್ರೂ ಕರೀರಿ."

ರೇಡಿಯೋ ಹೋಗಿ ಬಸ್ ನಿಲ್ದಾಣದಿಂದ ಇಬ್ಬರನ್ನು ಕರೆತಂದ. ಜಪ್ತಿ ಪಂಚನಾಮೆ ನಡೆಯಿತು. ಅಂಗಿಗಳೆಲ್ಲ ಇದ್ದವು; ಒಂದು ಗುಂಡಿಯೂ ಹೋಗಿರಲಿಲ್ಲ. ಒಂದರ ತೋಳಿನಲ್ಲಿ ಎರಡು ಪಟ್ಟಿ, ಅದರ ಮೇಲೆ ಬಿಸಿಲು ತಾಕದೆ ಕಡುಹಸಿರಾಗಿಯೇ ಉಳಿದಿದ್ದ ಮೂರನೆಯದರ ಜಾಗ. ಟೈಲರಕ್ಕ ಎಷ್ಟೇ ನಾಜೂಕಾಗಿ ಬಿಚ್ಚಿದ್ದರೂ ಬಟ್ಟೆ ಮರೆತಿರಲಿಲ್ಲ.

*

"ನಿಮ್ಮ ಒಂದನ್ನೇ ತಗೋಬಹುದಿತ್ತಲ್ಲ," ಎಂದಳು ಇನ್ಸ್‌ಪೆಕ್ಟರ್ ಠಾಣೆಯ ಒಳಕೋಣೆಯಲ್ಲಿ.

"ಒಂದೇ ಹೋದ್ರೆ ಯಾರದ್ದು ಅಂತ ಕೇಳ್ತಾರೆ. ಅಂಗಿ ಇಲ್ಲದೋರನ್ನ ಪರೇಡಿಗೆ ನಿಲ್ಲಿಸಲ್ಲ. ಆಮೇಲೆ ಹೇಗಾದ್ರೂ ಅಂಗಡಿಗೆ ಎಸೆದು ಬರೋಣ ಅಂತಿದ್ದೆ."

"ಟೈಲರಕ್ಕನ ತಲೆಮೇಲೆ ಬರುತ್ತೆ ಅಂತ ಹೊಳೀಲಿಲ್ವಾ?"

"ಹೊಳೀತು." ಸೆರಗಿಗೆ ಅಂಟಿದ ಹಿಟ್ಟು ಕೊಡವಿಕೊಳ್ಳುತ್ತ, "ರಾತ್ರಿಯೆಲ್ಲ ಹೊಳೀತಾನೇ ಇತ್ತು. ಆದ್ರೂ ಸುಮ್ಮನಿದ್ದೆ," ಎಂದಳು.

"ಹವಾಲ್ದಾರಮ್ಮ ಅನ್ನಿಸಿಕೊಳ್ಳೋದು ಅಷ್ಟು ದೊಡ್ಡದಾ?"

ಅವಳು ಉತ್ತರಿಸುವ ಮೊದಲು ಗಂಡ ಬಂದ. ಮೊಣಕೈವರೆಗೆ ಎಣ್ಣೆಮಸಿ, ಸಾಬೂನು ಹಚ್ಚಿದ ಗುರುತು ಅರ್ಧಕ್ಕೇ ನಿಂತಿತ್ತು. ಹೆಂಡತಿಯ ಪಕ್ಕ ನಿಂತು ಇನ್ಸ್‌ಪೆಕ್ಟರಿಗೆ ಹೇಳಿದ:

"ರಜೆ ಮುಗಿದ ಮೇಲೂ ನಾನು ಇವಳ ತವರಲ್ಲೇ ಉಳಿದೆ ಮೇಡಂ. ಬಾ ಅಂತ ಫೋನ್ ಮೇಲೆ ಫೋನ್ ಬಂತು, ಹೋಗ್ಲಿಲ್ಲ. ಅದಕ್ಕೆ ಪಟ್ಟಿ ಕಿತ್ರು. ನ್ಯಾಯವೇ. ನಂಗೆ ಬೇಜಾರಿಲ್ಲ ಅಂತ ಇವಳಿಗೆ ಬಡ್ಕೊಂಡು ಹೇಳಿದೀನಿ."

"ಯಾಕೆ ಹೋಗ್ಲಿಲ್ಲ?"

ಅವನು ಹೆಂಡತಿಯ ಮುಖ ನೋಡಿದ. ಹೇಳಲೇ ಎಂದು ಕೇಳುವಂತಿತ್ತು. ಅವಳು ತಲೆಯಾಡಿಸಿದಳು, ಬೇಡ ಎಂದು. ಆಮೇಲೆ ಏನನ್ನಿಸಿತೋ, ತಾನೇ ಹೇಳಿದಳು.

"ಮಗು ಹೊಟ್ಟೇಲೇ ಹೋಯ್ತು. ಆರು ತಿಂಗಳಾಗಿತ್ತು. ಇಲ್ಲಿ ಯಾರಿಗೂ ಹೇಳಿರ್ಲಿಲ್ಲ, ಹೆತ್ತ ಮೇಲೆ ಹೇಳೋಣ ಅಂತ ಹೊಟ್ಟೆ ಕಾಣೋ ಮೊದಲೇ ತವರಿಗೆ ಹೋಗಿದ್ದೆ. ಇವರು ಹೊರಡೋಕೆ ಚೀಲ ಎತ್ಕೊಂಡಾಗ ನಾನೇ ಕಾಲು ಹಿಡ್ಕೊಂಡೆ." ಉಸಿರು ಎಳೆದುಕೊಂಡಳು. "ನಾಯಕ್ ಹೆಂಡ್ತಿ ಅನ್ನಿಸಿಕೊಳ್ಳೋಕೆ ನಂಗೇನು ಕಷ್ಟ ಮೇಡಂ? ಆದ್ರೆ ಎರಡು ಪಟ್ಟಿ ನೋಡಿದ ತಕ್ಷಣ ಮೆಟ್ಟಿಲ ಮೇಲೆ ಕೂತು ಕೇಳ್ತಾರೆ, ಯಾಕೆ ಹೋಯ್ತು ಅಂತ. ದಿನಾ ಕೇಳ್ತಾರೆ. ಪಾಪ ಅಂತ ಕೇಳ್ತಾರೆ. ನಾನು ಏನು ಹೇಳ್ಲಿ?"

ಇನ್ಸ್‌ಪೆಕ್ಟರ್ ಲೇಖನಿ ಕೆಳಗಿಟ್ಟಳು. ತಾನೂ ಒಮ್ಮೆ ಮೂರು ದಿನ ಜ್ವರವೆಂದು ರಜೆ ಬರೆದು, ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದದ್ದಿತ್ತು. ಅದೆಂಥ ಜ್ವರವೆಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ಹೆಂಗಸಾದ್ದರಿಂದ ಸೂರ್ಯ ಮುಳುಗುವ ಮೊದಲೇ ದಸ್ತಗಿರಿ ಮಾಡಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಜಾಮೀನು ಸಿಗುತ್ತದೆ, ಗಂಡನೇ ನಿಲ್ಲಬಹುದು ಎಂದು ಇನ್ಸ್‌ಪೆಕ್ಟರ್ ಹೇಳಿದಳು. ಕ್ಯಾಂಪಿಗೆ ಫೋನ್ ಮಾಡಿ ಮಾಲು ಪೂರ್ತಿ ಸಿಕ್ಕಿದೆ, ಟೈಲರಕ್ಕನದ್ದು ಏನೂ ತಪ್ಪಿಲ್ಲ ಎಂದು ಎರಡು ಸಲ ಒತ್ತಿ ಹೇಳಿದಳು.

ರೇಡಿಯೋ ಕಾಗದ ಮುಂದಿಟ್ಟುಕೊಂಡು ಕಾದಿದ್ದ. ಒಳಕೋಣೆಯ ಮಾತು ಅವನಿಗೆ ಕೇಳಿಸಿರಲಿಲ್ಲ. "ಕಾರಣ ಏನು ಬರೀಲಿ ಮೇಡಂ? ಒಣಜಂಭ ಅಂತಲಾ?"

"ಗಂಡನ ದರ್ಜೆ ಇಳಿದ ಸಂಗತಿ ಹೊರಬೀಳುವ ಭಯದಿಂದ ಅಂತ ಬರಿ."

"ಅಷ್ಟೇನಾ?"

"ಅಷ್ಟು ಸಾಕು ಕೋರ್ಟಿಗೆ."

ಮಹಿಳಾ ಪೇದೆ ಜೀಪಿನ ಬಾಗಿಲು ತೆರೆದಳು. "ಹತ್ತಿ ಹವಾಲ್ದಾರಮ್ಮ," ಎಂದವಳು ನಾಲಿಗೆ ಕಚ್ಚಿಕೊಂಡಳು.

"ನಾಯಕಮ್ಮ ಅನ್ನಿ," ಎಂದಳು ಮೂಲೆಮನೆಯವಳು.

ಮಾತು ಠಾಣೆಯ ಗೇಟಿನವರೆಗೂ ಕೇಳಿಸಿತು. ಅಲ್ಲಿ ಕ್ವಾರ್ಟರ್ಸಿನಿಂದ ಬಂದ ನಾಲ್ಕಾರು ಹೆಂಗಸರು ಗುಂಪಾಗಿ ನಿಂತಿದ್ದರು. ಅವರ ಮುಂದೆ ಟೈಲರಕ್ಕ. ಯಾರೋ ಹಿಂದಿನಿಂದ, "ನಾಯಕಮ್ಮನಾ? ಯಾಕಂತೆ?" ಎಂದರು.

ಟೈಲರಕ್ಕ ತಿರುಗಿ ಅವರ ಕಡೆ ಒಂದೇ ಒಂದು ನೋಟ ನೋಡಿದಳು. ಮತ್ತೆ ಯಾರೂ ಕೇಳಲಿಲ್ಲ. ಜೀಪು ಹೊರಟಿತು. ಗಂಡ ಸೈಕಲ್ ಹತ್ತಿ ಹಿಂದೆಯೇ ತುಳಿಯತೊಡಗಿದ.