ಯೋಕುಲ್ ಉಸಿರಿಗೆ ಕಪ್ಪಾದ ಬೆಳ್ಳಿ

"ಯಾರ್ರೀ ಅದು, ನಮ್ಮ ಕುರಿ ಮೇಯೋ ಜಾಗದಲ್ಲಿ ಗುಂಡಿ ತೋಡ್ತಿರೋದು?!"

ಸಲ್ವೋರ್ ಕೂಗಿದ ರಭಸಕ್ಕೆ ಅವಳ ಕುದುರೆಯೇ ಬೆಚ್ಚಿತು. ಗುಂಡಿಯೊಳಗಿಂದ ಮೊದಲು ಒಂದು ಸಲಿಕೆ ಮೇಲೆ ಬಂತು. ಆಮೇಲೆ ಕೆಂಪು ಉಣ್ಣೆ ಟೊಪ್ಪಿ. ಆಮೇಲೆ ಮೈಯೆಲ್ಲ ಮಣ್ಣಾದ ಒಬ್ಬ ಯುವಕ.

"ನಾನು ಏವಿಂದುರ್. ರೇಕ್ಯವಿಕ್‌ನಿಂದ ಬಂದಿದೀನಿ, ಭೂವಿಜ್ಞಾನಿ. ನಿಮ್ಮಪ್ಪನ್ನ ಕೇಳೇ ಅಗೀತಿರೋದು..."

"ನನ್ನ ಕೇಳಿಲ್ವಲ್ಲ! ಕುರಿ ನೋಡ್ಕೊಳ್ಳೋಳು ನಾನು. ಒಂದು ಬಿದ್ದು ಕಾಲು ಮುರ್ಕೊಂಡ್ರೆ?"

"ಕುರಿ ಬೀಳೋಕೆ ಮುಂಚೆ ನೀವೊಮ್ಮೆ ಇಳಿದು ನೋಡಿ," ಎಂದು ಅವನು ಕೈ ಚಾಚಿದ.

ಎಂಥಾ ಸೊಕ್ಕು! ಆದರೂ ಇಳಿದಳು. ಯಾಕೆ ಇಳಿದೆ ಅಂತ ಅವಳಿಗೇ ಗೊತ್ತಾಗಲಿಲ್ಲ.

ಗುಂಡಿಯ ಗೋಡೆಯಲ್ಲಿ ಕಂದು ಮಣ್ಣಿನ ನಡುವೆ ಒಂದು ಕಪ್ಪು ಗೆರೆ ಓಡಿತ್ತು.

"ಇದು 1727ರ ಬೂದಿ, ನಿಮ್ಮ ಈ ಹಿಮಬೆಟ್ಟ ಯೋಕುಲ್ ಉಗುಳಿದ್ದು. ಭಾನುವಾರ, ಪ್ರಾರ್ಥನೆ ನಡೀತಿರುವಾಗ ಚರ್ಚಿನ ನೆಲ ನಡುಗ್ತಂತೆ. ಆಮೇಲೆ ಹಿಮ ಕರಗಿ ನೀರು ನುಗ್ತು." ಗೆರೆ ಮುಟ್ಟಿದ್ದ ಅವಳ ಬೆರಳನ್ನು ಅವನು ಮೆಲ್ಲಗೆ ಕೆಳಗೆ ಸರಿಸಿದ. ಅಲ್ಲಿ ಗೇಣುದ್ದದ ಬಿಳಿ ಪದರ, ಹಿಟ್ಟಿನಷ್ಟು ನಯ. "ಇದು 1362. ಆಗ ಇದು ಹುಲುಸಾದ ಸೀಮೆ, ಹೆಸರೂ ಬೇರೆ ಇತ್ತು. ಯೋಕುಲ್ ಬಾಯಿ ತೆರೆದ ಮೇಲೆ ಎಲ್ಲ ಹಾಳಾಯ್ತು. ಆಮೇಲೆ ಬಂದ ಹೆಸರೇ ಒರೈವಿ."

"ಪಾಳುಭೂಮಿ..." ಎಂದಳು ಸಲ್ವೋರ್. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಊರ ಹೆಸರು. ಇವತ್ತೇಕೋ ಮೈ ಜುಮ್ಮೆಂದಿತು.

ಬಿಳಿ ಪದರದ ಕೆಳಗೆ ಒಂದು ಚಪ್ಪಟೆ ಕಲ್ಲು ಕಾಣುತ್ತಿತ್ತು.

"ಇದೇನು?"

"ಹೊಸ್ತಿಲು. ಯಾರದೋ ಮನೇದು."

ಅವಳು ತಲೆಯೆತ್ತಿ ನೋಡಿದಳು. ಯೋಕುಲ್ ಏನೂ ಅರಿಯದಂತೆ ಬೆಳ್ಳಗೆ ನಿಂತಿತ್ತು. "ಬೆಂಕಿ ಮೇಲೆ ಹಿಮ ಹ್ಯಾಗೆ ನಿಲ್ಲುತ್ತೆ?"

"ಉಕ್ಕಿದಾಗೆಲ್ಲ ಒಂದು ಪದರ ಲಾವಾ, ಒಂದು ಪದರ ಬೂದಿ... ಹಾಗೇ ಬೆಟ್ಟ ಬೆಳೀತು. ನೆತ್ತಿ ಮೇಲಿನ ಬಾಯಿ ತುಂಬ ಈಗ ಹಿಮ ಕೂತಿದೆ. ಒಲೆ ಆರಿಲ್ಲ, ಮುಚ್ಚಳ ಮುಚ್ಚಿದೆ ಅಷ್ಟೆ."

ಅದನ್ನು ಹೇಳುವಾಗ ಅವನ ಕಣ್ಣಲ್ಲಿ ಭಯವಿರಲಿಲ್ಲ, ಭಕ್ತಿಯಿತ್ತು. ಪಾಪ, ಸಲ್ವೋರ್ ಬಿದ್ದದ್ದು ಆ ಗುಂಡಿಗಲ್ಲ, ಆ ಕಣ್ಣಿಗೆ!

ಶರತ್ಕಾಲದಲ್ಲಿ ಊರೆಲ್ಲ ಸೇರಿ ಬೆಟ್ಟದಿಂದ ಕುರಿಗಳನ್ನು ಇಳಿಸಿಕೊಂಡು ಬರುವಾಗ ಅವನೂ ಬಂದ. ಟಗರು ಗುದ್ದಿ ಎರಡು ಸಲ ಕೆಸರಿಗೆ ಬಿದ್ದ. ಕುಂಟುತ್ತಲೇ ಬಂದು ಅವಳ ಸ್ವೆಟರಿಗೆ ಬೆಳ್ಳಿ ಹೂವಿನ ಪಿನ್ನೊಂದನ್ನು ಚುಚ್ಚಿದ. ಅವಳು ಬೇಡ ಎನ್ನಲಿಲ್ಲ.

ಚಳಿಗಾಲದ ಹೊಸ್ತಿಲಲ್ಲಿ ಊರ ಸಭೆ ನಡೆಯಿತು. ಏವಿಂದುರ್ ಗೋಡೆಗೆ ನಕ್ಷೆ ಅಂಟಿಸಿದ. ಯೋಕುಲ್ ಎದ್ದರೆ ನೀರು ಮೊದಲು ನುಗ್ಗುವ ಜಾಗಕ್ಕೆ ಕೆಂಪು ಬಣ್ಣ ಬಳಿದಿದ್ದ. ಆ ಕೆಂಪಿನ ನಟ್ಟನಡುವೆ ಇದ್ದದ್ದು ಸಲ್ವೋರಳ ಮನೆ!

ಅಪ್ಪ ಬೆರ್ಗುರ್ ಎದ್ದು ಹೋದರು. ಸಲ್ವೋರ್ ನೇರ ಏವಿಂದುರ್ ಎದುರು ಹೋಗಿ ನಿಂತಳು.

"ನಮ್ಮನೇಲಿ ಉಂಡು, ನಮ್ಮನ್ನೇ ಎಬ್ಬಿಸೋಕೆ ನಿಂತ್ಯಾ? ಪ್ರೀತಿ ಮಾಡಿದ್ದು ನನ್ನನ್ನೋ, ನಮ್ಮ ಮಣ್ಣನ್ನೋ?"

"ಸಲ್ವೋರ್, ಒಂದ್ನಿಮಿಷ ಕೇಳು..."

"ನನ್ನ ಕಣ್ಣಿಗೆ ಕಾಣಿಸ್ಕೋಬೇಡ!"

ಆ ರಾತ್ರಿ ಅವಳ ಮನೆಯ ಹೊರಗೆ ಮಳೆಯಲ್ಲಿ ಅವನು ಬಹಳ ಹೊತ್ತು ನಿಂತಿದ್ದ. ಅವಳು ಬಾಗಿಲು ತೆಗೆಯಲಿಲ್ಲ. ಪಿನ್ನನ್ನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಎಸೆದಳು.

ಒಂದು ವಾರ ಹೀಗೇ ಉರುಳಿತು. ಹಿಂದಿರುಗಿಸಿಬಿಡೋಣ ಎಂದು ಒಂದು ಬೆಳಿಗ್ಗೆ ಕೈಗೆತ್ತಿಕೊಂಡರೆ... ಬೆಳ್ಳಿ ಹೂವು ಕಾಡಿಗೆಯಂತೆ ಕಪ್ಪಾಗಿತ್ತು!

ಬೆರ್ಗುರ್ ಕಾಫಿ ಹೀರುತ್ತಾ ನಕ್ಕರು. "ಬೆಳ್ಳಗಿರೋದೆಲ್ಲ ಹಾಲಲ್ಲ ಮಗಳೇ. ನಿನ್ನ ಪ್ಯಾಟೆ ಹುಡುಗ ತವರಕ್ಕೆ ಬೆಳ್ಳಿ ನೀರು ಕುಡಿಸಿ ಕೊಟ್ಟಿದಾನೆ!"

'ಇದೂ ಸುಳ್ಳೇನಾ...?' ಅಸಲಿ ಬೆಳ್ಳಿಯ ಪಕ್ಕ ಇಟ್ಟೇ ನೋಡಿಬಿಡೋಣ ಎಂದು ಮುತ್ತಜ್ಜಿಯ ಕಾಲದ ಬೆಳ್ಳಿ ಚಮಚಗಳ ಡ್ರಾಯರ್ ಎಳೆದಳು.

ಅವೂ ಕಪ್ಪಾಗಿದ್ದವು. ಒಂದೂ ಬಿಡದೆ, ಎಲ್ಲವೂ.

ಬೆರ್ಗುರ್ ನಗು ಅಲ್ಲೇ ನಿಂತಿತು. "ನಮ್ಮಜ್ಜಿ ಹೇಳೋಳು... ಬೆಳ್ಳಿ ಕಪ್ಪಾದ್ರೆ ಹೊಳೆ ಕಡೆ ಹೋಗ್ಬೇಡಿ, ಯೋಕುಲ್ ಉಸಿರು ಬಿಡ್ತಿದೆ ಅಂತ."

ಸಲ್ವೋರ್ ಕಿಟಕಿ ತೆರೆದಳು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ರಾಚಿತು.

"ಅಪ್ಪಾ... ಏವಿಂದುರ್ ಎಲ್ಲಿ?"

"ಪರೀಕ್ಷೆಗೆ ನೀರು ತುಂಬ್ಕೊಳ್ಳೋಕೆ ಅಂತ ಬೆಳಿಗ್ಗೆ ಹೊಳೆ ಕಮರಿಗೆ ಇಳೀತಿದ್ದ," ಎಂದ ಬೆರ್ಗುರ್ ಆಗಲೇ ಫೋನೆತ್ತಿದ್ದರು. "ಹತ್ತೋದಿಲ್ಲ ಕಣೆ... ಅಲ್ಲಿ ಸಿಗ್ನಲ್ ಎಲ್ಲಿದೆ! ನೀನು ಓಡು, ನಾನು ಊರಿಗೆ ಹೇಳ್ತೀನಿ!"

ಅವಳು ಜೀನನ್ನೂ ಹಾಕದೆ ಕುದುರೆ ಏರಿದಳು. 'ದೇವರೇ, ಅವನೊಬ್ಬ ಉಳಿದ್ರೆ ಸಾಕು. ಮನೆ ಹೋದ್ರೂ ಹೋಗ್ಲಿ...' ಎಂದುಕೊಂಡಾಗ ಅವಳಿಗೇ ಆಶ್ಚರ್ಯವಾಯಿತು.

ಕಮರಿಯ ತಳದಲ್ಲಿ ಕೆಂಪು ಟೊಪ್ಪಿ ಕಂಡಿತು. ಕೂಗಿದಳು. ಹೊಳೆಯ ಸದ್ದಿಗೆ ಅದು ಕೇಳಿಸಲಿಲ್ಲ. ಕುದುರೆಯನ್ನು ಮೇಲೇ ಬಿಟ್ಟು, ಬಿದ್ದು ಎದ್ದು ಕೆಳಗಿಳಿದು ಅವನೆದುರು ನಿಂತಳು.

ಅವಳ ಕೈಯಲ್ಲಿ ಪಿನ್ನು ಕಂಡು ಅವನ ಮುಖ ಬಾಡಿತು. "ವಾಪಸ್ ಕೊಡೋಕೆ ಇಷ್ಟು ದೂರ ಬಂದ್ಯಾ?"

ಅವಳಿಗೆ ಏದುಸಿರು. ಅಂಗೈ ಬಿಚ್ಚಿ ತೋರಿಸಿದಳು.

ಕಪ್ಪಾದ ಬೆಳ್ಳಿ!

ಅವನು ಅವಳ ಕೈ ಹಿಡಿದು ಕಮರಿಯ ದಡ ಹತ್ತಿ ಓಡಿದ. ಅವರು ಮೇಲಿನ ಅಂಚಿನ ಹುಲ್ಲಿಗೆ ಬಿದ್ದರೋ ಇಲ್ಲವೋ, ಕೆಳಗೆ ನೆಲ ಗುಡುಗಿತು. ಕಪ್ಪು ನೀರು, ಅದರ ಮೇಲೆ ಮನೆಗಾತ್ರದ ಹಿಮದ ಬಂಡೆಗಳು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಸಾಗಿದವು. ಅವರು ನಿಂತಿದ್ದ ಜಾಗವೇ ಮಾಯವಾಯಿತು!

ಎಷ್ಟೋ ಹೊತ್ತಿನ ಮೇಲೆ ನೀರು ತಗ್ಗಿ ಮೋಡ ಸರಿಯಿತು. ಯೋಕುಲ್ ನೆತ್ತಿಯ ಹಿಮದ ಹಾಸಿನಲ್ಲಿ, ನಿನ್ನೆಯವರೆಗೆ ಇಲ್ಲದ ದೊಡ್ಡದೊಂದು ಬಟ್ಟಲಿನಾಕಾರದ ಕುಳಿ. ಅದರ ಅಂಚಿನಲ್ಲಿ ನೀಲಿ ಬಿರುಕುಗಳು ಬಿಟ್ಟಿದ್ದವು. ಇಬ್ಬರೂ ಕೈ ಬಿಡದೆ ನೋಡುತ್ತಲೇ ಇದ್ದರು.

"ಎಂಥಾ ಚೆಂದ..." ಎಂದಳು ಅವಳು. ಕಣ್ಣಲ್ಲಿ ನೀರಿತ್ತು.

"ಒಳಗಿನ ಕಾವಿಗೆ ತಳದ ಹಿಮ ಕರಗಿ ಕುಸಿದಿದೆ. ಯೋಕುಲ್ ಎದ್ದಿಲ್ಲ. ಮಗ್ಗುಲು ಬದಲಾಯಿಸ್ತು ಅಷ್ಟೆ," ಎಂದ ಅವನು, ಪಿಸುಮಾತಿನಲ್ಲಿ.

"ಅಷ್ಟು ವಾಸನೆ ನಿನಗೆ ಗೊತ್ತಾಗ್ಲಿಲ್ವಾ?"

"ನೆಗಡಿ... ನಿಮ್ಮನೆ ಮುಂದೆ ಮಳೇಲಿ ನಿಂತಿದ್ನಲ್ಲ."

ಅವಳು ಅಳುತ್ತಲೇ ನಕ್ಕಳು. "ಮೂಗು ಕಟ್ಟಿದ ಭೂವಿಜ್ಞಾನಿ! ಕೆಂಪು ಬಳಿಯೋ ಮುಂಚೆ ನನಗೆ ಒಂದ್ಮಾತು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ತಿದ್ರೆ ನಾನು ಆ ಬಣ್ಣ ಅಳಿಸ್ಬಿಡ್ತಿದ್ದೆ. ಆ ಗುಂಡೀಲಿ ಸಿಕ್ಕಿದ ಹೊಸ್ತಿಲು ಕಣ್ಮುಂದೆ ಬರುತ್ತೆ ಸಲ್ವೋರ್. ಅದು ನಿನ್ನ ಮನೇದಾಗ್ಬಾರ್ದು... ಅಷ್ಟೇ ನನಗೆ ಬೇಕಿದ್ದಿದ್ದು."

ದೂರದಲ್ಲಿ ಮನೆ ಕ್ಷೇಮವಾಗಿ ನಿಂತಿತ್ತು. ಬೆರ್ಗುರ್ ಗಂಟುಮೂಟೆಗಳನ್ನು ತಂದು ಜೀಪಿನ ಪಕ್ಕ ಇಡುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು. ಹಠಮಾರಿ ಅಪ್ಪ ಆ ಕೆಂಪು ನಕ್ಷೆಯನ್ನು ಕೊನೆಗೂ ಒಪ್ಪಿಕೊಂಡಿದ್ದರು.

ಏವಿಂದುರ್ ಅವಳ ಅಂಗೈಯಿಂದ ಪಿನ್ನು ಎತ್ತಿಕೊಂಡ. "ಇದು ಹಾಳಾಯ್ತು. ಬೇರೆ ತಂದ್ಕೊಡ್ತೀನಿ."

"ಬೇಡ. ಇದನ್ನೇ ತಿಕ್ಕಿ ಕೊಡು. ಬೆಳ್ಳಗಿದ್ರೆ ತಾನೇ ಅದು ಮತ್ತೆ ಕಪ್ಪಾಗಿ ನಮಗೆ ಹೇಳೋದು? ದಿನಾ ತಿಕ್ಕಿ ಕೊಡ್ಬೇಕು."

"ದಿನಾನಾ...? ಎಲ್ಲೀವರೆಗೆ?"

"ಯೋಕುಲ್ ಏಳೋವರೆಗೆ."

"ಅದು ಎದ್ದು ಮಲಗಿ ಮುನ್ನೂರು ವರ್ಷ ಆಗ್ತಾ ಬಂತು ಕಣೆ! ಮತ್ತೆ ಯಾವಾಗ ಏಳುತ್ತೋ ಯಾರಿಗ್ಗೊತ್ತು?"

ಸಲ್ವೋರ್ ಅವನ ಭುಜಕ್ಕೆ ತಲೆಯಾನಿಸಿದಳು.

"ನನಗೇನೂ ಅವಸರ ಇಲ್ಲ," ಎಂದಳು.